ಕಾಲೇಜು ಸೇರಿದ ವರ್ಷದ ಹಾಡು



ಹಾಡಿನ ಕೋರಿಕೆ ಕಳಿಸುವಾಗ ನಿಮ್ಮಲ್ಲಿ ಬಹಳ ಮಂದಿ ಅದರ ಜೊತೆ ಒಂದು ಇಸವಿಯನ್ನೂ ಹೇಳುತ್ತೀರಿ. "ನಾನು ಕಾಲೇಜು ಸೇರಿದ ವರ್ಷ ಬಂದದ್ದು ಸರ್, ಅದನ್ನೇ ಹಾಕಿ" ಎನ್ನುತ್ತೀರಿ. ಹಾಡಿದವರು ಯಾರೆಂಬುದು ಮರೆತಿರುತ್ತದೆ, ಒಮ್ಮೊಮ್ಮೆ ಚಿತ್ರದ ಹೆಸರೂ ಮರೆತಿರುತ್ತದೆ. ಆ ವರ್ಷ ಮಾತ್ರ ಮರೆಯುವುದಿಲ್ಲ. ಯಾಕೆ ಹೀಗೆ?

ಮನಃಶಾಸ್ತ್ರಜ್ಞರು ಇದನ್ನು ಬಹಳ ಕಾಲದಿಂದ ಗಮನಿಸುತ್ತಾ ಬಂದಿದ್ದಾರೆ. ನಲವತ್ತು ದಾಟಿದವರನ್ನು ಕೂರಿಸಿ ಬದುಕಿನ ನೆನಪುಗಳನ್ನು ಹೇಳಿ ಎಂದರೆ, ಹತ್ತರಿಂದ ಮೂವತ್ತರ ನಡುವಿನ ವಯಸ್ಸಿನ ನೆನಪುಗಳೇ ಹೆಚ್ಚಾಗಿ ಬರುತ್ತವಂತೆ. ನೆನಪಿನ ಬಯಲಿನಲ್ಲಿ ಅದೊಂದು ದಿಬ್ಬ ಇದ್ದ ಹಾಗೆ. ಆ ವಯಸ್ಸಿನಲ್ಲಿ ಎಲ್ಲವೂ ಮೊದಲ ಸಲ ನಡೆಯುತ್ತದೆ: ಮನೆ ಬಿಡುವುದು, ಹಾಸ್ಟೆಲ್ ಊಟ, ನಾವೇ ಆರಿಸಿಕೊಂಡ ಗೆಳೆಯರು. ನಾನು ಯಾರು ಎಂಬ ಪ್ರಶ್ನೆ ಏಳುವುದೂ ಆಗಲೇ. ಆಗ ಕಿವಿಗೆ ಬಿದ್ದ ಹಾಡು, ಹಗಲೂ ರಾತ್ರಿ ಅದನ್ನೇ ಕೇಳಿದ್ದರಿಂದ, ಆ ಪ್ರಶ್ನೆಗೇ ಅಂಟಿಕೊಂಡು ಉಳಿದುಬಿಡುತ್ತದೆ.

ನನ್ನ ದಿಬ್ಬದ ಹೆಸರು 2008. ಹಾವೇರಿ ಕಡೆಯ ಹಳ್ಳಿಯಿಂದ ಧಾರವಾಡಕ್ಕೆ ಬಂದು ಬಿ.ಎ. ಸೇರಿದೆ, ಕನ್ನಡ ಮೇಜರ್. ರಾಕ್ ಸಂಗೀತಕ್ಕೆ ಅದು ಭರ್ತಿ ವರ್ಷ. ಫೆಬ್ರವರಿ 1ರಂದು ಮುಂಬಯಿಯಲ್ಲಿ ಐರನ್ ಮೇಡನ್ ತಂಡ ಹಾಡಿತ್ತು. ಅದರ ಹಿಂದಿನ ವರ್ಷ ಬೆಂಗಳೂರಿನ ಅರಮನೆ ಮೈದಾನದಲ್ಲಿ ಹಾಡಿತ್ತು. ಆಗಸ್ಟ್‌ನಲ್ಲಿ 'ರಾಕ್ ಆನ್' ಸಿನಿಮಾ ಬಂತು, ಸೆಪ್ಟೆಂಬರ್‌ನಲ್ಲಿ ಮೆಟಾಲಿಕಾ ತಂಡದ 'ಡೆತ್ ಮ್ಯಾಗ್ನೆಟಿಕ್'. ಹಾಸ್ಟೆಲ್ಲಿನಲ್ಲಿ ಎಲ್ಲರೂ ಕೇಳುತ್ತಿದ್ದದ್ದು ಒಂದೇ ಪ್ರಶ್ನೆ: "ನಿನ್ನ ಬ್ಯಾಂಡ್ ಯಾವುದು?" ನಾನು "ಮೆಟಾಲಿಕಾ" ಎನ್ನುತ್ತಿದ್ದೆ. ನಿಜ ಹೇಳಬೇಕೆಂದರೆ ಅವರ ಒಂದು ಹಾಡನ್ನೂ ಪೂರ್ತಿ ಕೇಳಿರಲಿಲ್ಲ. ಕನ್ನಡ ಮೇಜರ್ ಎಂದು ಹೇಳಿಕೊಳ್ಳಲೂ ನಾಚಿಕೆ. ನಮ್ಮಪ್ಪ ಊರಿನ ಭಜನಾ ಮೇಳದಲ್ಲಿ ಏಕತಾರಿ ಹಿಡಿದು ಹಾಡುತ್ತಾರೆ ಎಂಬುದನ್ನಂತೂ ಬಾಯಿಬಿಟ್ಟಿರಲಿಲ್ಲ.

ಒಂದು ರಾತ್ರಿ ರೂಮ್‌ಮೇಟ್ ತನ್ನ ಮೊಬೈಲಿನಿಂದ ಬ್ಲೂಟೂತ್‌ನಲ್ಲಿ ಒಂದು ಹಾಡು ಕಳಿಸಿದ. ಅದೇ ವರ್ಷ ಬಂದಿದ್ದ ರಘು ದೀಕ್ಷಿತ್ ಅವರ ಮೊದಲ ಆಲ್ಬಮ್‌ನದು, 'ಗುಡುಗುಡಿಯ ಸೇದಿ ನೋಡೋ'. ಗಿಟಾರ್, ಡ್ರಮ್ಸ್ ಶುರುವಾದವು, ಆಮೇಲೆ ಮಾತು ಬಂತು. ನಾನು ಎದ್ದು ಕುಳಿತೆ. ಅದು ಶಿಶುನಾಳ ಷರೀಫರ ಪದ! ಅಪ್ಪ ನಮ್ಮೂರ ಗುಡಿಯಲ್ಲಿ ಹಾಡುವ ಪದ. "ಏನೋ, ನಿನಗೂ ಗೊತ್ತೇನೋ ಇದು?" ಎಂದು ಗೆಳೆಯ ಕೇಳಿದ. ಅಂದು ಮೊದಲ ಬಾರಿಗೆ ಹಾಸ್ಟೆಲ್ಲಿನಲ್ಲಿ ನಮ್ಮಪ್ಪನ ವಿಷಯ ಹೇಳಿದೆ.

1819ರಲ್ಲಿ ಹುಟ್ಟಿ 1889ರಲ್ಲಿ ತೀರಿಕೊಂಡ ಸಂತನ ಪದ ರಾಕ್ ಸಂಗೀತಕ್ಕೆ ಹೇಗೆ ಹೊಂದಿಕೊಂಡಿತು? ಇದರಲ್ಲಿ ಪವಾಡವೇನೂ ಇಲ್ಲ. ರಾಕ್ ಗಿಟಾರಿನ ಬಹುಮುಖ್ಯ ಪಟ್ಟು 'ಪವರ್ ಕಾರ್ಡ್'. ಅದರಲ್ಲಿ ಇರುವುದು ಎರಡೇ ಸ್ವರ, ಷಡ್ಜ ಮತ್ತು ಪಂಚಮ. ನಡುವಿನ ಗಾಂಧಾರವನ್ನು ಬಿಟ್ಟುಬಿಡುತ್ತಾರೆ. ಗಾಂಧಾರ ಇಲ್ಲದ್ದರಿಂದ ಅದಕ್ಕೆ ನಗುಮುಖವೂ ಇಲ್ಲ, ಅಳುಮುಖವೂ ಇಲ್ಲ, ಬರೀ ಗಟ್ಟಿತನ. ನಮ್ಮ ತಂಬೂರಿಯ ಶ್ರುತಿಯೂ ಸಾಮಾನ್ಯವಾಗಿ ಇದೇ ಸ ಮತ್ತು ಪ ಅಲ್ಲವೇ? ಹಾಗಾಗಿ ಏಕತಾರಿಯ ಒಂದೇ ನಾದದ ಮೇಲೆ ಬೆಳೆದ ತತ್ತ್ವಪದಕ್ಕೆ ಆ ಗಿಟಾರ್ ಪರಕೀಯವಲ್ಲ.

ಇನ್ನು ತಾಳ. ರಾಕ್‌ನಲ್ಲಿ ಸಾಮಾನ್ಯವಾಗಿ ನಾಲ್ಕು ಎಣಿಕೆ, ಅದರಲ್ಲಿ ಎರಡು ಮತ್ತು ನಾಲ್ಕನೆಯದರ ಮೇಲೆ ಜೋರು ಪೆಟ್ಟು. ಕೇಳುವವರ ಕಾಲು ತಾನಾಗಿ ಕುಣಿಯುವುದು ಆ ಪೆಟ್ಟಿಗೇ. ಪಲ್ಲವಿ ಮತ್ತೆ ಮತ್ತೆ ಬರುತ್ತದೆ, ಎಲ್ಲರೂ ದನಿಗೂಡಿಸುತ್ತಾರೆ. ಭಜನಾ ಮೇಳದಲ್ಲಿ ಆಗುವುದೂ ಅದೇ. ವಿಷಯವಂತೂ ಇನ್ನೂ ಹತ್ತಿರ. ಷರೀಫರು ಹುಕ್ಕಾ, ಸೋರುವ ಮಾಳಿಗೆಯಂಥ ಕಣ್ಣೆದುರಿನ ವಸ್ತು ಹಿಡಿದು ದೊಡ್ಡ ಮಾತು ಹೇಳಿದವರು. ಸಿ. ಅಶ್ವತ್ಥ್ ಅವರು ಅದೇ ಪದಗಳನ್ನು 1990ರ 'ಸಂತ ಶಿಶುನಾಳ ಷರೀಫ' ಚಿತ್ರದ ಮೂಲಕ ಮನೆಮನೆಗೆ ಮುಟ್ಟಿಸಿದ್ದರು. ರಾಕ್ ಅದರ ಮುಂದಿನ ಮೆಟ್ಟಿಲು, ಅಷ್ಟೇ.

ದೀಪಾವಳಿ ರಜೆಗೆ ಊರಿಗೆ ಹೋದಾಗ ಹೆಮ್ಮೆಯಿಂದ ಅಪ್ಪನ ಕಿವಿಗೆ ಇಯರ್‌ಫೋನ್ ಇಟ್ಟೆ. ಕಣ್ಣು ಮುಚ್ಚಿ ಪೂರ್ತಿ ಕೇಳಿದರು. ಬೆರಳು ಮೊಣಕಾಲಿನ ಮೇಲೆ ತಾಳ ಹಾಕುತ್ತಿತ್ತು. ಗೆದ್ದೆ ಅಂದುಕೊಂಡೆ. ಇಯರ್‌ಫೋನ್ ತೆಗೆದು ಅವರು ಅಂದದ್ದು ಇಷ್ಟು: "ಛಲೋ ಹಾಡ್ಯಾನ. ಆದ್ರ ತಮ್ಮಾ, ಪದಾ ಗೊತ್ತಿದ್ದವಂಗಷ್ಟ ಮಾತು ತಿಳಿತಾವು. ಗೊತ್ತಿಲ್ಲದವ ಏನ್ ಮಾಡಬೇಕು?"

ನನಗೆ ಸಿಟ್ಟು ಬಂತು. ಹಳೆಯ ಕಾಲದವರು, ಇವರಿಗೇನು ತಿಳಿಯುತ್ತದೆ ಎಂದುಕೊಂಡು ಧಾರವಾಡದ ಬಸ್ಸು ಹತ್ತಿದೆ. ಮೈಕಿನ ಮುಂದೆ ಕೂರುವ ಕೆಲಸಕ್ಕೆ ಬಂದ ಮೇಲೆ ಅವರ ಮಾತು ಅರ್ಥವಾಯಿತು. ಭಜನೆಯಲ್ಲಿ ಮುಂದಾಳು ಒಂದು ಸಾಲು ಹಾಡುತ್ತಾನೆ, ಮೇಳ ಅದನ್ನೇ ತಿರುಗಿ ಹಾಡುತ್ತದೆ. ಪ್ರತಿ ಮಾತೂ ಎರಡು ಸಲ ಕಿವಿಗೆ ಬೀಳುತ್ತದೆ. ರಾಕ್‌ನಲ್ಲಿ ಡ್ರಮ್ಸ್ ಸದ್ದಿನ ನಡುವೆಯೇ ಮಾತು ಹಾದುಹೋಗಬೇಕು. ಊರು ಬಿಟ್ಟು ಪುಣೆ, ದೆಹಲಿಗಳಲ್ಲಿ ಬೆಳೆದ ನಮ್ಮ ಮಕ್ಕಳಿಗೆ ಆ ಪದ ಮೊದಲೇ ಗೊತ್ತಿರುವುದಿಲ್ಲ. ಅವರು ಕುಣಿಯುತ್ತಾರೆ, ಆದರೆ ಹುಕ್ಕಾ ಎಂದರೆ ಈ ದೇಹ, ಸೇದಿ ಹೊರಬಿಡಬೇಕಾದದ್ದು ಒಳಗಿನ ವಿಕಾರ ಎಂಬುದು ಅವರಿಗೆ ಮುಟ್ಟದೆ ಹೋಗಬಹುದು.

ಅದಕ್ಕೇ ಈಗ ಇಂಥ ಹಾಡು ಹಾಕುವ ಮುಂಚೆ ಎರಡು ಮಾತಿನಲ್ಲಿ ಅದರ ಅರ್ಥ ಹೇಳಿಯೇ ಮುಂದುವರಿಯುತ್ತೇನೆ. "ಈ ಅನೌನ್ಸರ್ ಬಹಳ ಮಾತಾಡ್ತಾನಪ್ಪ" ಎಂದು ನಿಮ್ಮಲ್ಲಿ ಕೆಲವರು ದೂರಿದ್ದೂ ಉಂಟು. ಆ ಎರಡು ಮಾತು ನನ್ನದಲ್ಲ ಕೇಳುಗರೇ, ನಮ್ಮಪ್ಪ ಅಂದು ಕೇಳಿದ ಪ್ರಶ್ನೆಗೆ ನಾನು ತಡವಾಗಿ ಕೊಡುತ್ತಿರುವ ಉತ್ತರ.

ನೀವೂ ಒಂದು ಕೆಲಸ ಮಾಡಿ. ಕಾಲೇಜು ಸೇರಿದ ವರ್ಷದ ನಿಮ್ಮ ಹಾಡನ್ನು ಈ ಭಾನುವಾರ ಮನೆಯ ಮಕ್ಕಳ ಜೊತೆ ಕೂತು ಕೇಳಿ. ಸುಮ್ಮನೆ ಹಾಕಿ ಬಿಡಬೇಡಿ, ಒಂದೊಂದು ಸಾಲಿಗೂ ಅರ್ಥ ಹೇಳಿ. ಆಮೇಲೆ ಅವರ ಹಾಡನ್ನೂ ಒಂದು ಸಲ ಪೂರ್ತಿ ಕೇಳಿ. ಹಾಡು, ಇಸವಿ, ಊರು ಮೂರನ್ನೂ ನಮಗೆ ಬರೆದು ಕಳಿಸಿ.

ಮತ್ತೆ ಭೇಟಿಯಾಗೋಣ. ಕೇಳುತ್ತಾ ಇರಿ.