ಗಣಕಯಂತ್ರದ ಕಿರುಸಾಧನಗಳಲ್ಲಿ ದೋಷಶೋಧನೆಯೂ ಕನ್ನಡದ ಅಕ್ಷರಗಣನೆಯೂ

ಪ್ರಾಚೀನ ಗ್ರಂಥಗಳನ್ನು ಸಂಪಾದಿಸುವವರು ಓಲೆಯ ಪ್ರತಿಗಳನ್ನು ಹೋಲಿಸಿ, ಲಿಪಿಕಾರನ ಕೈತಪ್ಪುಗಳನ್ನು ಗುರುತಿಸಿ, ಶುದ್ಧಪಾಠವನ್ನು ನಿರ್ಣಯಿಸುವ ಕ್ರಮವು ಈ ಪತ್ರಿಕೆಯ ವಾಚಕರಿಗೆ ಚಿರಪರಿಚಿತವಾದುದಷ್ಟೆ. ಅದಕ್ಕೆ ಬಹು ಸಮೀಪವಾದ ಕಾರ್ಯವೊಂದು ಗಣಕಯಂತ್ರಗಳ ಲೋಕದಲ್ಲಿಯೂ ನಡೆಯುತ್ತಿದೆ. ಕಮಾಂಡ್ ಲೈನಿನ ಕಿರುಸಾಧನಗಳಲ್ಲಿ ಕಂಡುಬರುವ ‘ಬಗ್’ ಎಂಬ ದೋಷಗಳನ್ನು ತಿದ್ದುವುದೇ ಆ ಕಾರ್ಯ. ಅದರ ಕ್ರಮವೆಂತಹುದು, ಕನ್ನಡದ ಬರಹಕ್ಕೆ ಅದರಿಂದ ಏನಾಗುತ್ತದೆ, ವಿದ್ವಾಂಸರು ಅದರಲ್ಲಿ ಮಾಡತಕ್ಕುದೇನು ಎಂಬಿಷ್ಟನ್ನು ಇಲ್ಲಿ ವಿವರಿಸುತ್ತೇವೆ.

ಮೊದಲು ಈ ಸಾಧನಗಳ ಸ್ವರೂಪವನ್ನು ಹೇಳಬೇಕು. ೧೯೬೯ ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಕೆನ್ ಥಾಂಪ್ಸನ್, ಡೆನಿಸ್ ರಿಚಿ ಮೊದಲಾದವರು ಯೂನಿಕ್ಸ್ ಎಂಬ ವ್ಯವಸ್ಥೆಯನ್ನು ಆರಂಭಿಸಿದರು. ಒಂದು ಸಾಧನವು ಒಂದೇ ಕೆಲಸವನ್ನು ಚೆನ್ನಾಗಿ ಮಾಡಬೇಕು, ಒಂದರಿಂದ ಹೊರಟ ಬರಹವನ್ನು ಮತ್ತೊಂದು ಸ್ವೀಕರಿಸುವಂತಿರಬೇಕು ಎಂಬುದು ಅಲ್ಲಿ ಬೆಳೆದು ಬಂದ ತತ್ತ್ವ. ಬಳಸುವವನು ಸಾಧನದ ಹೆಸರನ್ನು ಕೀಲಿಮಣೆಯಲ್ಲಿ ಒತ್ತುತ್ತಾನೆ. ಉತ್ತರವು ಬರಹದ ರೂಪದಲ್ಲಿಯೇ ಬರುತ್ತದೆ. ‘ಡಬ್ಲ್ಯುಸಿ’ ಎಂಬುದು ಸಾಲು, ಪದ, ಅಕ್ಷರಗಳನ್ನು ಎಣಿಸುತ್ತದೆ. ‘ಕಟ್’ ಎಂಬುದು ಸಾಲಿನಲ್ಲಿ ಬೇಕಾದ ಭಾಗವನ್ನು ಕತ್ತರಿಸಿ ಕೊಡುತ್ತದೆ. ‘ರೆವ್’ ಎಂಬುದು ಸಾಲನ್ನು ಹಿಂದುಮುಂದಾಗಿ ಬರೆಯುತ್ತದೆ. ೧೯೮೩ ರಲ್ಲಿ ರಿಚರ್ಡ್ ಸ್ಟಾಲ್ಮನ್ ಅವರು ಘೋಷಿಸಿದ ಗ್ನೂ ಯೋಜನೆಯಿಂದ ಇಂಥ ಸಾಧನಗಳ ಮುಕ್ತರೂಪಗಳು ಪ್ರಸಾರಕ್ಕೆ ಬಂದವು. ಇವುಗಳ ಮೂಲಪಾಠವನ್ನು ಯಾರಾದರೂ ಓದಬಹುದು, ತಿದ್ದಬಹುದು, ತಿದ್ದಿದುದನ್ನು ಇತರರಿಗೆ ಕೊಡಬಹುದು.

ಇನ್ನು ತಿದ್ದುವ ಕ್ರಮ. ದೋಷವು ಯಾವಾಗಲೂ ಕಾಣುವಂತೆ ಮಾಡುವ ಅತಿ ಚಿಕ್ಕ ಉದಾಹರಣೆಯನ್ನು ಹುಡುಕುವುದು ಮೊದಲ ಹೆಜ್ಜೆ. ಹೀಗೆ ಕೈಗೆ ಸಿಕ್ಕದ ದೋಷವನ್ನು ತಿದ್ದಿದೆನೆಂದು ಯಾರೂ ಹೇಳುವಂತಿಲ್ಲ. ಎರಡನೆಯದು, ದೋಷವು ಯಾವ ಆವೃತ್ತಿಯಲ್ಲಿ ಒಳಹೊಕ್ಕಿತೆಂಬ ಶೋಧನೆ. ೨೦೦೫ ರಲ್ಲಿ ಲೈನಸ್ ಟೋರ್ವಾಲ್ಡ್ಸ್ ಅವರು ಆರಂಭಿಸಿದ ‘ಗಿಟ್’ ಎಂಬ ಸಾಧನವು ಪ್ರತಿಯೊಂದು ತಿದ್ದುಪಡಿಯನ್ನೂ ಕಾದಿರಿಸುತ್ತದೆ. ಒಳ್ಳೆಯದೊಂದು ಆವೃತ್ತಿಗೂ ಕೆಟ್ಟದೊಂದು ಆವೃತ್ತಿಗೂ ನಡುವಣದನ್ನು ಪರೀಕ್ಷಿಸಿ, ದೋಷವಿರುವ ಅರ್ಧವನ್ನು ಮತ್ತೆ ಅರ್ಧಮಾಡುತ್ತ ಹೋದರೆ, ಸಾವಿರ ಆವೃತ್ತಿಗಳಲ್ಲಿಯೂ ಸುಮಾರು ಹತ್ತು ಪರೀಕ್ಷೆಗಳೊಳಗೆ ಮೂಲವು ದೊರೆಯುತ್ತದೆ. ಮೂರನೆಯದು, ಆದಷ್ಟು ಸ್ವಲ್ಪವನ್ನೇ ಬದಲಾಯಿಸುವುದು. ಹಳೆಯ ಪಾಠಕ್ಕೂ ಹೊಸ ಪಾಠಕ್ಕೂ ಇರುವ ಭೇದವನ್ನು ತೋರಿಸುವ ‘ಡಿಫ್’ ೧೯೭೦ರ ದಶಕದಲ್ಲಿಯೂ, ಆ ಭೇದಪಟ್ಟಿಯನ್ನು ಓದಿ ಹಳೆಯ ಪಾಠವನ್ನು ತಿದ್ದುವ ಲ್ಯಾರಿ ವಾಲ್ ಅವರ ‘ಪ್ಯಾಚ್’ ೧೯೮೫ ರಲ್ಲಿಯೂ ಬಂದವು. ಪಾಠಾಂತರಗಳ ಪಟ್ಟಿಯನ್ನು ಮಾಡಿದವರಿಗೆ ಈ ಭೇದಪಟ್ಟಿಯನ್ನು ಓದುವುದು ಕಷ್ಟವಾಗದು. ಕಡೆಯದಾಗಿ, ಆ ದೋಷವು ಮತ್ತೆ ತಲೆದೋರಿದರೆ ತಿಳಿಸುವಂತೆ ಒಂದು ಪರೀಕ್ಷೆಯನ್ನೂ, ತಿದ್ದಿದ ಕಾರಣವನ್ನೂ ಬರೆದಿಡುವುದು.

ಈ ಕ್ರಮವು ಸುಲಭವಾಗಿ ಕಾಣುತ್ತದೆ. ಆದರೆ ಶುದ್ಧಪಾಠ ಯಾವುದೆಂಬ ಪ್ರಶ್ನೆ ಬಂದಲ್ಲಿ ತೊಡಕು ಆರಂಭವಾಗುತ್ತದೆ. ಕನ್ನಡವನ್ನೇ ನಿದರ್ಶನವಾಗಿ ತೆಗೆದುಕೊಳ್ಳೋಣ. ಮೊದಲಿನ ಸಾಧನಗಳು ಒಂದು ಬೈಟಿಗೆ ಒಂದು ಅಕ್ಷರವೆಂದು ಭಾವಿಸಿ ರಚಿತವಾದುವು. ಇಂಗ್ಲಿಷಿಗೆ ಅದು ಸರಿಹೋಗುತ್ತಿತ್ತು. ೧೯೯೧ ರಲ್ಲಿ ಪ್ರಕಟವಾದ ಯೂನಿಕೋಡಿನಲ್ಲಿ ಕನ್ನಡದ ಚಿಹ್ನೆಗಳಿಗೆ ಪ್ರತ್ಯೇಕ ಸಂಕೇತಗಳು ದೊರೆತವು. ೧೯೯೨ ರಲ್ಲಿ ಕೆನ್ ಥಾಂಪ್ಸನ್ ಮತ್ತು ರಾಬ್ ಪೈಕ್ ಅವರು ರೂಪಿಸಿದ ಯುಟಿಎಫ್-೮ ಪದ್ಧತಿಯಲ್ಲಿ ಕನ್ನಡದ ಪ್ರತಿಯೊಂದು ಸಂಕೇತಕ್ಕೂ ಮೂರು ಬೈಟುಗಳು ಬೇಕು. ಆದುದರಿಂದ ‘ಕವಿರಾಜ’ ಎಂಬಲ್ಲಿ ೧೮ ಬೈಟುಗಳು, ೬ ಸಂಕೇತಗಳು, ೪ ಅಕ್ಷರಗಳು ಇವೆ. ಮೊದಲ ನಾಲ್ಕು ಅಕ್ಷರಗಳು ಬೇಕೆಂದು ಕೇಳಿದಾಗ ಸಾಧನವು ಬೈಟುಗಳನ್ನು ಎಣಿಸಿದರೆ ‘ಕ’ ಎಂಬುದೂ ‘ವ’ಕಾರದ ಮೂರನೆಯ ಒಂದು ಚೂರೂ ಬರುತ್ತವೆ, ಆ ಚೂರು ಓದಲಾಗದ ಚಿಹ್ನೆಯಾಗಿ ತೋರುತ್ತದೆ. ಗ್ನೂ ‘ಕಟ್’ ಸಾಧನದಲ್ಲಿ ಅಕ್ಷರಕ್ಕೆಂದು ಇದ್ದ ಆಯ್ಕೆಯು ಬಹುವರ್ಷಗಳ ಕಾಲ ಬೈಟುಗಳನ್ನೇ ಎಣಿಸುತ್ತಿತ್ತು. ಅದರ ಕೈಪಿಡಿಯೇ ಇದನ್ನು ಒಪ್ಪಿಕೊಂಡಿತ್ತು.

ಹಾಗಾದರೆ ಬೈಟುಗಳ ಎಣಿಕೆಯನ್ನು ಕೂಡಲೇ ತೆಗೆದುಹಾಕಬಾರದೇ ಎಂದು ಕೇಳಬಹುದು. ಆದರೆ ಅದೇ ಎಣಿಕೆಯನ್ನು ನಂಬಿಕೊಂಡು ಕೆಲಸಮಾಡುವ ಬೇರೆ ಕಾರ್ಯಕ್ರಮಗಳಿರುತ್ತವೆ. ಒಬ್ಬನ ದೋಷವನ್ನು ತಿದ್ದಲು ಹೋಗಿ ಮತ್ತೊಬ್ಬನ ಕೆಲಸವನ್ನು ಕೆಡಿಸಿದಂತಾಗುತ್ತದೆ. ‘ಡಬ್ಲ್ಯುಸಿ’ ವಿಷಯದಲ್ಲಿ ‘ಸಿ’ ಎಂಬ ಆಯ್ಕೆಯ ಹೆಸರು ಅಕ್ಷರವನ್ನು ಸೂಚಿಸುವುದಾದರೂ, ಅದನ್ನು ಬೈಟುಗಳಿಗೇ ಉಳಿಸಿ, ಅಕ್ಷರಗಳಿಗೆಂದು ‘ಎಂ’ ಎಂಬ ಬೇರೆ ಆಯ್ಕೆಯನ್ನು ಪಾಸಿಕ್ಸ್ ಪ್ರಮಾಣವು ವಿಧಿಸಿತು. ಹಳೆಯ ಪಾಠವನ್ನು ಅಳಿಸದೆ ಹೊಸದನ್ನು ಸೇರಿಸಿದ ವಿವೇಕ ಇದು.

ಆದರೂ ಇಲ್ಲಿ ‘ಅಕ್ಷರ’ವೆಂದರೆ ಯೂನಿಕೋಡಿನ ಸಂಕೇತವೇ ಹೊರತು ನಮ್ಮ ಅಕ್ಷರವಲ್ಲ. ಸಂಕೇತಗಳನ್ನೇ ಘಟಕಗಳೆಂದು ಬಗೆಯುವ ಕಾರ್ಯಕ್ರಮವು ‘ಕವಿರಾಜ’ವನ್ನು ಹಿಂದುಮುಂದಾಗಿಸಿದರೆ ‘ಜರಾವಿಕ’ ಎಂದು ಬರಬೇಕಾದಲ್ಲಿ ‘ಜಾರಿವಕ’ ಎಂದು ಬರುತ್ತದೆ. ರಕಾರದ ದೀರ್ಘವು ಜಕಾರಕ್ಕೂ, ವಕಾರದ ಗುಡಿಸು ರಕಾರಕ್ಕೂ ಹತ್ತಿಕೊಳ್ಳುತ್ತವೆ. ಆಶ್ಚರ್ಯವೇನೆಂದರೆ, ಅದೇ ಕಾರ್ಯಕ್ರಮಕ್ಕೆ ‘ಕನ್ನಡ’ ಎಂಬ ಪದವನ್ನು ಕೊಟ್ಟರೆ ‘ಡನ್ನಕ’ ಎಂದು ಸರಿಯಾಗಿಯೇ ಬರುತ್ತದೆ. ಸಜಾತೀಯ ಒತ್ತಕ್ಷರವು ಯಾವ ಕಡೆಯಿಂದ ಓದಿದರೂ ಒಂದೇ ಆಗಿರುವುದು ಇದಕ್ಕೆ ಕಾರಣ. ನಮ್ಮ ಭಾಷೆಯ ಹೆಸರೊಂದನ್ನೇ ಕೊಟ್ಟು ಪರೀಕ್ಷಿಸಿದವನು ದೋಷವಿಲ್ಲವೆಂದು ತೀರ್ಮಾನಿಸಿಬಿಡುವನು. ಪರೀಕ್ಷೆಗೆ ಪದಗಳನ್ನು ಆರಿಸುವುದಕ್ಕೆ ಭಾಷಾಜ್ಞಾನವು ಬೇಕೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಸಂಕೇತಗಳನ್ನು ಓದುಗನ ದೃಷ್ಟಿಯ ಅಕ್ಷರಗಳಾಗಿ ಗುಂಪುಮಾಡುವ ನಿಯಮಗಳನ್ನೂ ಯೂನಿಕೋಡ್ ಸಂಸ್ಥೆಯು ರಚಿಸಿದೆ. ಅವುಗಳಿಂದ ಕಾಗುಣಿತವು ಒಡೆಯದೆ ಉಳಿಯುತ್ತದೆ. ಒತ್ತಕ್ಷರಗಳ ಮಾತು ಬೇರೆ. ೨೦೨೩ ರಲ್ಲಿ ಬಂದ ೧೫.೧ನೆಯ ಆವೃತ್ತಿಯು ದೇವನಾಗರಿ, ಬಂಗಾಳಿ, ಗುಜರಾತಿ, ಒಡಿಯಾ, ತೆಲುಗು, ಮಲಯಾಳ ಎಂಬ ಆರು ಲಿಪಿಗಳಲ್ಲಿ ಒತ್ತಕ್ಷರವು ಒಡೆಯದಂತೆ ನಿಯಮವನ್ನು ಮಾಡಿತು. ಆ ಪಟ್ಟಿಯಲ್ಲಿ ಕನ್ನಡವಿರಲಿಲ್ಲ. ಆ ಆವೃತ್ತಿಯಂತೆ ‘ಕನ್ನಡ’ವು ಕ, ನ್, ನ, ಡ ಎಂದು ನಾಲ್ಕಾಗಿ ಒಡೆಯುತ್ತದೆ. ಹೀಗೆ ಒಂದೇ ಪದಕ್ಕೆ ಬೈಟುಗಳಲ್ಲಿ ೧೫, ಸಂಕೇತಗಳಲ್ಲಿ ೫, ಗುಂಪುಗಳಲ್ಲಿ ೪, ಛಂದಸ್ಸಿನಲ್ಲಿ ೩ ಎಂಬ ನಾಲ್ಕು ಲೆಕ್ಕಗಳಾದವು.

ಇವುಗಳಲ್ಲಿ ಯಾವುದು ಸರಿ? ಕಡತದ ಗಾತ್ರವನ್ನು ಅಳೆಯುವವನಿಗೆ ಮೊದಲನೆಯದೇ ಸರಿ. ಟೈಪುಮಾಡುವಾಗ ಒತ್ತನ್ನು ಮಾತ್ರ ಅಳಿಸಬೇಕೆನ್ನುವವನಿಗೆ ಒತ್ತಕ್ಷರವು ಒಡೆಯುವುದೇ ಅನುಕೂಲ. ಆದರೆ ಪಾದಕ್ಕೆ ೨೦ ಅಕ್ಷರಗಳಿರುವ ಉತ್ಪಲಮಾಲೆಯಲ್ಲಿ ಲೋಪವಿದೆಯೇ ಎಂದು ಯಂತ್ರದ ಮೂಲಕ ಪರೀಕ್ಷಿಸುವ ಸಂಪಾದಕನಿಗೆ ಕಡೆಯ ಲೆಕ್ಕವೊಂದೇ ಉಪಯುಕ್ತ. ಉಳಿದವು ಶುದ್ಧವಾದ ಪಾದವನ್ನೂ ಅಶುದ್ಧವೆಂದು ತೋರಿಸಿಯಾವು.

ಈ ನಿರ್ಣಯವು ಕಾರ್ಯಕ್ರಮವನ್ನು ಬರೆಯುವವರಿಂದ ಮಾತ್ರ ಆಗತಕ್ಕುದಲ್ಲ. ಹೇಗೆ ತಿದ್ದಬೇಕೆಂಬುದು ಅವರಿಗೆ ಗೊತ್ತು. ಹೇಗಿದ್ದರೆ ಶುದ್ಧವೆಂಬುದನ್ನು ಭಾಷೆಯನ್ನು ಬಲ್ಲವರು ಹೇಳಬೇಕು. ಅದಕ್ಕೆ ಗಣಕಶಾಸ್ತ್ರದ ಪಾಂಡಿತ್ಯವೇನೂ ಬೇಡ. ಕೊಟ್ಟ ಪದವಿದು, ಬಂದ ಉತ್ತರವಿದು, ಬರಬೇಕಾದುದು ಇದು ಎಂಬ ಮೂರು ಸಾಲುಗಳನ್ನು ಬರೆದು, ಕಾಗುಣಿತ, ವಿಜಾತೀಯ ಒತ್ತಕ್ಷರ, ಅರ್ಕಾವೊತ್ತು, ವ್ಯಂಜನಾಂತ್ಯ ಇವುಗಳಿಗೆ ಉದಾಹರಣೆಗಳನ್ನು ಜೋಡಿಸಿ, ಸಾಧನವನ್ನು ನೋಡಿಕೊಳ್ಳುವವರಿಗೆ ಕಳುಹಿಸಿದರೆ ಸಾಕು. ಮೂಲಪಾಠವು ಮುಕ್ತವಾಗಿರುವುದರಿಂದ, ಕನ್ನಡವನ್ನು ಅರಿಯದವರು ರಚಿಸಿದ ಸಾಧನವನ್ನೂ ಕನ್ನಡಿಗರು ತಿದ್ದಬಹುದು. ಪಾಠಪರಿಷ್ಕರಣದಲ್ಲಿ ಪಳಗಿದ ವಿದ್ವಾಂಸರೂ, ಛಂದಸ್ಸನ್ನು ಬೋಧಿಸುವ ಅಧ್ಯಾಪಕರೂ ಇತ್ತ ಗಮನ ಕೊಟ್ಟರೆ ಕನ್ನಡದ ಅಕ್ಷರವು ಯಂತ್ರದಲ್ಲಿಯೂ ಒಡೆಯದೆ ಉಳಿದೀತು.