ಸಾಲ್ಮನ್ ಪಂಜರದ ಪಕ್ಕದಲ್ಲಿ ಪಚ್ಚಿಲೆ, ಕಡಲಪಾಚಿ

ಕಡಲಿನಲ್ಲಿ ಬಲೆಯ ಪಂಜರ ಇಳಿಬಿಟ್ಟು ಮೀನು ಸಾಕುವಾಗ ಹಾಕಿದ ಆಹಾರದ ಒಂದು ಪಾಲು ಮಾತ್ರ ಮೀನಿನ ಮೈಗೆ ಹತ್ತುತ್ತದೆ. ತಿನ್ನದೆ ಉಳಿದ ತುಣುಕುಗಳೂ ಮಲವೂ ತೇಲಿಹೋಗುತ್ತವೆ ಇಲ್ಲವೆ ತಳ ಸೇರುತ್ತವೆ, ಕಿವಿರುಗಳಿಂದ ಹೊರಬೀಳುವ ಅಮೋನಿಯಾ ನೀರಿನಲ್ಲಿ ಕರಗುತ್ತದೆ. ಹಣ ಕೊಟ್ಟು ಕೊಂಡ ಆಹಾರ ಹೀಗೆ ಕಡಲಿನ ಕಸವಾಗುವುದನ್ನು ತಡೆಯಲು, ಆಹಾರ ಸರಪಳಿಯ ಬೇರೆ ಬೇರೆ ಹಂತಗಳ ಜೀವಿಗಳನ್ನು ಅಕ್ಕಪಕ್ಕದಲ್ಲಿ ಬೆಳೆಸಿ, ಒಂದು ಬಿಟ್ಟದ್ದನ್ನು ಇನ್ನೊಂದು ಬಳಸುವಂತೆ ಮಾಡುವ ಪದ್ಧತಿಗೆ ಬಹುಹಂತದ ಸಮಗ್ರ ಜಲಕೃಷಿ ಎನ್ನುತ್ತಾರೆ. ಕಾಟ್ಲಾ, ರೋಹು, ಮೃಗಾಲ್‌ಗಳು ಕೆರೆಯ ಮೇಲ್ಪದರ, ನಡುಪದರ, ತಳಗಳನ್ನು ಹಂಚಿಕೊಂಡು ಮೇಯುವ ಮಿಶ್ರ ಮೀನು ಕೃಷಿ ಕರ್ನಾಟಕದ ರೈತರಿಗೆ ಪರಿಚಿತವೇ ಆದರೂ, ಮೀನಿನ ಜೊತೆಗೆ ಚಿಪ್ಪುಜೀವಿಯನ್ನೂ ಪಾಚಿಯನ್ನೂ ಕೂಡಿಸುವುದು ಈ ಪದ್ಧತಿಯ ವಿಶೇಷ.

ಕೆನಡಾದ ಫಂಡಿ ಕೊಲ್ಲಿಯಲ್ಲಿ ನ್ಯೂ ಬ್ರನ್ಸ್‌ವಿಕ್ ವಿಶ್ವವಿದ್ಯಾಲಯದ ಥಿಯರಿ ಶೋಪಾನ್ ಮತ್ತು ಸಂಗಡಿಗರು ಇದನ್ನು ಸಾಲ್ಮನ್ ಕೃಷಿಯಲ್ಲಿ ಪರೀಕ್ಷಿಸಿದರು. ನೀರನ್ನು ಸೋಸಿ ತಿನ್ನುವ ಪಚ್ಚಿಲೆ ಜಾತಿಯ ಚಿಪ್ಪುಜೀವಿಗಳು ತೇಲುವ ಸಣ್ಣ ಕಣಗಳನ್ನು ಹಿಡಿದರೆ, ಹಗ್ಗಗಳಿಗೆ ಕಟ್ಟಿ ಬೆಳೆಸಿದ ಕೆಲ್ಪ್ ಎಂಬ ಕಂದು ಪಾಚಿ ಕರಗಿದ ಸಾರಜನಕವನ್ನೂ ರಂಜಕವನ್ನೂ ಹೀರಿಕೊಂಡಿತು. ಪಂಜರದಿಂದ ದೂರ ಬೆಳೆದವುಗಳಿಗೆ ಹೋಲಿಸಿದರೆ ಕೆಲ್ಪ್ ಶೇ. 46ರಷ್ಟು, ಚಿಪ್ಪುಜೀವಿಗಳು ಶೇ. 50ರಷ್ಟು ಹೆಚ್ಚು ಬೆಳೆದವೆಂದು ಅವರ ತಂಡ ವರದಿ ಮಾಡಿತು. ಹಾಗೆಂದು ಕಸವೆಲ್ಲ ಕರಗಿತೆಂದು ಭಾವಿಸುವುದು ತಪ್ಪಾಗುತ್ತದೆ. ಭಾರದ ಮಲ ನೇರವಾಗಿ ತಳಕ್ಕಿಳಿಯುವುದರಿಂದ ಅದನ್ನು ತಿನ್ನಲು ಕಡಲಸೌತೆಯಂತಹ ತಳಜೀವಿಗಳು ಬೇಕು. ಕೆಲ್ಪ್ ಹುಲುಸಾಗುವುದು ಚಳಿಗಾಲದ ಕೊನೆಯಿಂದ ವಸಂತದವರೆಗೆ, ಸಾಲ್ಮನ್ ಹೆಚ್ಚು ತಿಂದು ಹೆಚ್ಚು ವಿಸರ್ಜಿಸುವುದು ಬೇಸಿಗೆ ಕಳೆಯುವ ಹೊತ್ತಿಗೆ. ಈ ಕಾಲಭೇದವೇ ಪದ್ಧತಿಯ ನಿಜವಾದ ತೊಡಕು.

ಭಾರತದಲ್ಲಿ ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯು ತಮಿಳುನಾಡಿನ ಪಾಕ್ ಕೊಲ್ಲಿಯಲ್ಲಿ ಕೋಬಿಯಾ ಮೀನಿನ ಪಂಜರದ ಸುತ್ತ ಬಿದಿರಿನ ತೆಪ್ಪಗಳನ್ನು ತೇಲಿಬಿಟ್ಟು, ತೆಪ್ಪಕ್ಕೆ 60 ಕೆ.ಜಿ.ಯಂತೆ ಕಪ್ಪಾಫೈಕಸ್ ಪಾಚಿಯನ್ನು ಬಿತ್ತಿ 45 ದಿನ ಬೆಳೆಸಿದಾಗ, ಪಂಜರವಿಲ್ಲದ ಕಡೆಗಿಂತ ಒಂದೂವರೆ ಪಟ್ಟಿಗೂ ಮೀರಿದ ಇಳುವರಿ ಬಂದಿತು. ಆದರೆ ಕಪ್ಪಾಫೈಕಸ್ ಹೊರನಾಡಿನದು, ಮನ್ನಾರ್ ಕೊಲ್ಲಿಯ ಕುರುಸಡೈ ದ್ವೀಪದ ಬಳಿ ಅದು ಹವಳಗಳ ಮೇಲೆ ಹಬ್ಬಿದ್ದೂ ದಾಖಲಾಗಿದೆ. ಆದ್ದರಿಂದ ಆಯಾ ನೀರಿನಲ್ಲೇ ಹುಟ್ಟಿ ಬೆಳೆಯುವ ಜೀವಿಗಳನ್ನು ಆರಿಸಿಕೊಳ್ಳುವುದು ಅಧಿಕ ಇಳುವರಿಗಿಂತಲೂ ಮುಖ್ಯವಾಗಬೇಕು. ಕರ್ನಾಟಕದ ಅಳಿವೆಗಳಲ್ಲಿ ಸೀಬಾಸ್ ಮೀನಿನ ಪಂಜರ ಕೃಷಿಯೂ ಹಗ್ಗದ ಮೇಲೆ ಪಚ್ಚಿಲೆ ಬೆಳೆಸುವ ಕೃಷಿಯೂ ಬಂದಿರುವುದರಿಂದ ಇವೆರಡನ್ನು ಜೋಡಿಸಲು ಅವಕಾಶವಿದೆ. ಆದರೆ ಮುಂಗಾರಿನಲ್ಲಿ ಅಳಿವೆಯ ಉಪ್ಪು ಇಳಿದು ಪಚ್ಚಿಲೆ ಸಾಯುವುದರಿಂದ, ಮಳೆ ಹಿಡಿಯುವ ಮುನ್ನವೇ ಅದರ ಕೊಯ್ಲು ಮುಗಿಯುವಂತೆ ಎರಡೂ ಬೆಳೆಗಳ ಕಾಲವನ್ನು ಹೊಂದಿಸಬೇಕಾಗುತ್ತದೆ.