ಒಬ್ಬ ರೋಗಿ, ಹಲವು ಕೈಗಳು



ಸಕ್ಕರೆ ಕಾಯಿಲೆ, ರಕ್ತದೊತ್ತಡ ಒಂದು ಚೀಟಿಯ ಮದ್ದಿಗೆ ಮುಗಿಯುವಂಥವಲ್ಲ. ಬೆಳಕೆಯ ರೋಗಿಯನ್ನು ಆಶಾ ಕಾರ್ಯಕರ್ತೆ ಮನೆಗೆ ಬಂದು ವಿಚಾರಿಸುತ್ತಾರೆ. ಸಮುದಾಯ ಆರೋಗ್ಯಾಧಿಕಾರಿ ಬಿಪಿ, ಸಕ್ಕರೆ ಪರೀಕ್ಷಿಸುತ್ತಾರೆ. ಭಟ್ಕಳ ತಾಲ್ಲೂಕು ಆಸ್ಪತ್ರೆಯ ವೈದ್ಯರು ಮಾತ್ರೆ ಬರೆಯುತ್ತಾರೆ. ಮೂತ್ರಪಿಂಡಕ್ಕೋ ಹೃದಯಕ್ಕೋ ತೊಂದರೆಯಾದರೆ ಮಣಿಪಾಲದ ತಜ್ಞರು ನೋಡುತ್ತಾರೆ.

ಇವರ ನಡುವೆ ಮಾತುಕತೆ ಇಲ್ಲದಿದ್ದರೆ, ದೂರದಲ್ಲಿ ಬದಲಾದ ಮಾತ್ರೆ ಊರಿನ ನರ್ಸ್‌ಗೆ ತಿಳಿಯುವುದಿಲ್ಲ. ಹಳೆಯದೂ ಹೊಸದೂ ಒಟ್ಟಿಗೆ ನುಂಗಿ ಸಕ್ಕರೆ ಕುಸಿಯಬಹುದು. ದುಡ್ಡಿಲ್ಲದೆ ರೋಗಿ ಇನ್ಸುಲಿನ್ ಅರ್ಧಕ್ಕೆ ಇಳಿಸಿದ್ದನ್ನು ಆಶಾ ಕಂಡಿರುತ್ತಾರೆ. ಆಕೆಯ ಮಾತು ಕೇಳದ ವೈದ್ಯರು ಡೋಸ್ ಇನ್ನೂ ಏರಿಸಿಬಿಡಬಹುದು. ಹುದ್ದೆಯ ಮೇಲು ಕೀಳು ಅಡ್ಡ ಬಂದರೆ ನಷ್ಟ ರೋಗಿಗೆ.

ರಮಝಾನ್ ಇದಕ್ಕೆ ಉದಾಹರಣೆ. ಉಪವಾಸ ಹಿಡಿಯಬಯಸುವ ಸಕ್ಕರೆ ರೋಗಿಗಳು 6ರಿಂದ 8 ವಾರ ಮೊದಲೇ ವೈದ್ಯರನ್ನು ಕಾಣಬೇಕೆಂಬುದು ಅಂತಾರಾಷ್ಟ್ರೀಯ ಮಧುಮೇಹ ಒಕ್ಕೂಟದ ಸಲಹೆ. ಅದನ್ನು ಮನೆಗೆ ಮುಟ್ಟಿಸಬಲ್ಲವರು ಆಶಾ. ಡೋಸ್ ತಿದ್ದುವವರು ವೈದ್ಯರು. ಸಹರಿಗೆ ಯಾವ ಮಾತ್ರೆ, ಇಫ್ತಾರ್‌ಗೆ ಯಾವುದು ಎಂದು ಬಿಡಿಸಿ ಹೇಳಬಲ್ಲವರು ಫಾರ್ಮಾಸಿಸ್ಟ್. ಕಾಯಿಲೆಯವರಿಗೆ ರಿಯಾಯಿತಿ ಇದೆಯೆಂದು ನೆನಪಿಸಬಲ್ಲವರು ಇಮಾಮರು. ಒಂದು ಕೊಂಡಿ ಕಳಚಿದರೂ ಉಳಿದವರ ಶ್ರಮ ವ್ಯರ್ಥ.

ಆದ್ದರಿಂದ ವಿದ್ಯಾರ್ಥಿವೇತನವೆಂದರೆ ಎಂಬಿಬಿಎಸ್ ಒಂದೇ ಅಲ್ಲ. ನರ್ಸಿಂಗ್, ಫಾರ್ಮಸಿ, ಲ್ಯಾಬ್ ಟೆಕ್ನಿಷಿಯನ್ ಓದುವ ಮಕ್ಕಳೂ ಸಂಕೋಚವಿಲ್ಲದೆ ಅರ್ಜಿ ಹಾಕಲಿ. ದಾನಿಗಳು ಅವರನ್ನೂ ಅಷ್ಟೇ ಗೌರವದಿಂದ ಕಾಣಲಿ. ಪೋಷಕರೇ, ಮನೆಯ ಹಿರಿಯರ ಚೀಟಿಗಳನ್ನೆಲ್ಲ ಒಂದೇ ಫೈಲಿನಲ್ಲಿಟ್ಟು ಪ್ರತಿ ಭೇಟಿಗೂ ಒಯ್ಯಿರಿ. ಒಬ್ಬರು ಬರೆದದ್ದನ್ನು ಇನ್ನೊಬ್ಬರು ಓದಲು ಅದೇ ಮೊದಲ ದಾರಿ.